ಇರುವೆಗಳೇ ಒಳಗೆ ಎಳೆದುಕೊಂಡ ಹುಳ

ನನ್ನ ಮೂರನೆಯ ಗೂಡಿನಲ್ಲಿ ಮರಿಗಳು ಕಡಿಮೆಯಾಗುತ್ತಿವೆ ಎಂಬುದು ಕಣ್ಣಿಗೆ ಬಿದ್ದದ್ದು ಯುಗಾದಿ ಮುಗಿದು ಬಿಸಿಲು ಏರುತ್ತಿದ್ದ ದಿನಗಳಲ್ಲಿ. ಗೂಡು ಎಂದರೆ ಇರುವೆ ಗೂಡು. ಎಪ್ಪತ್ತರ ದಶಕದ ನಡುವಿನ ಮಾತು ಇದು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದ ನಾನು, ಬಿತ್ತಿದ ಬೀಜವನ್ನು ಹೊತ್ತೊಯ್ಯುವ ಇರುವೆಗಳ ಮೇಲಿನ ಸಂಶೋಧನೆಯೊಂದಕ್ಕೆ ಸಹಾಯಕಿಯಾಗಿ ಸೇರಿದ್ದೆ. ಸಿಂದಗಿ ತಾಲೂಕಿನ ಕೆಂಪು ಮಣ್ಣಿನ ಮಸಾರಿ ಹೊಲಗಳಲ್ಲಿ ಎಳ್ಳು ಬಿತ್ತಿದ ಮರುದಿನವೇ ಇರುವೆಗಳು ಸಾಲುಗಟ್ಟಿ ಬೀಜ ಎತ್ತಿಕೊಂಡು ಹೋಗುತ್ತಿದ್ದವು. ಜೋಳದ ನುಚ್ಚು, ಬೆಲ್ಲ, ಎಣ್ಣೆಗಳಿಗೆ ವಿಷದ ಪುಡಿ ಬೆರೆಸಿದ ತಿನಿಸು ಹಾಕಿದರೆ ಅವು ಅದನ್ನು ಗೂಡಿನೊಳಕ್ಕೆ ಒಯ್ದು ಮರಿಗಳಿಗೂ ರಾಣಿಗೂ ಉಣಿಸುತ್ತವೆಯೇ, ಗೂಡೇ ಸಾಯುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಮುಂಗಾರು ಬಿತ್ತನೆಗೆ ಮೊದಲೇ ಉತ್ತರ ಬೇಕಿತ್ತು.

ಕನ್ನೊಳ್ಳಿಯಲ್ಲಿ ಒಂದು ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತ್ತು. ಮನೆಯ ಯಜಮಾನಿ ಗಂಡನನ್ನು ಕಳೆದುಕೊಂಡ ಮುಸ್ಲಿಂ ಹೆಂಗಸು. ಊರವರೆಲ್ಲ ಕರೆಯುವ ಹಾಗೆ ನಾನೂ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಮಗ ಮಸಾರಿ ಹೊಲ ಉಳುತ್ತಿದ್ದ. ಎಳ್ಳಿನ ನಷ್ಟ ಅವನಿಗೆ ಹೊಸದಲ್ಲ. ಹಾಗಾಗಿಯೇ ಇರುವೆ ಸಾಕುವ ಹುಡುಗಿಗೆ ಕೋಣೆ ಕೊಡಲು ಒಪ್ಪಿದ್ದ.

ಗೂಡುಗಳನ್ನು ನಾನೇ ಮಾಡಿದ್ದೆ. ತಟ್ಟೆಯಲ್ಲಿ ಜೇಡಿಮಣ್ಣಿನ ಉಂಡೆಗಳನ್ನು ಇಟ್ಟು, ಅವುಗಳ ನಡುವೆ ಮಣ್ಣಿನ ದಾರಿ ಎಳೆದು, ಮೇಲೆ ಪ್ಲಾಸ್ಟರ್ ಹೊಯ್ಯುವುದು. ಗಟ್ಟಿಯಾದ ಮೇಲೆ ಬೋರಲು ಹಾಕಿ ಮಣ್ಣು ತೆಗೆದರೆ ಸಣ್ಣ ಕೋಣೆಗಳೂ ಓಣಿಗಳೂ ಉಳಿಯುತ್ತವೆ. ಅದರ ಮೇಲೆ ಗಾಜು, ಗಾಜಿನ ಮೇಲೆ ಆಕಾಶಬುಟ್ಟಿಗೆ ಅಂಟಿಸುವ, ಬೆಳಕು ಹಾಯುವ ಕೆಂಪು ಬಣ್ಣದ ಕಾಗದ. ಇರುವೆಗೆ ಕೆಂಪು ಬೆಳಕು ಕಾಣಿಸುವುದಿಲ್ಲ. ಕತ್ತಲಲ್ಲಿದ್ದೇವೆ ಎಂದುಕೊಂಡು ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿರುತ್ತವೆ, ನಾವು ನೋಡಬಹುದು. ಹೊಲದ ಒಡ್ಡಿನ ಕಲ್ಲು ಎತ್ತಿ, ಅಡಿಯ ಗೂಡನ್ನು ಅಗೆದು, ಮಣ್ಣು ಇರುವೆ ಎರಡನ್ನೂ ಡಬ್ಬಿಗೆ ತುಂಬಿ ತಂದು, ಪ್ಲಾಸ್ಟರ್ ಗೂಡಿನ ಬಾಯಿಯ ಎದುರು ಅಗಲವಾದ ತಾಟಿನಲ್ಲಿ ಸುರಿಯುತ್ತಿದ್ದೆ. ಮಣ್ಣು ಒಣಗುತ್ತ ಬಂದಂತೆ ಅವು ತಾವಾಗಿಯೇ ತೇವವಿದ್ದ ಪ್ಲಾಸ್ಟರಿನೊಳಗೆ ಸಂಸಾರ ಸಾಗಿಸುತ್ತಿದ್ದವು. ಆ ಸಾಗಾಟಕ್ಕೆ ನಾನು ಕೈ ಹಾಕುತ್ತಿರಲಿಲ್ಲ. ಇಂಥ ಆರು ಗೂಡುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು, ಮೇಜಿನ ಕಾಲುಗಳನ್ನು ನೀರಿನ ಬೋಗುಣಿಗಳಲ್ಲಿ ನಿಲ್ಲಿಸಿದ್ದೆ. ಮೂರಕ್ಕೆ ವಿಷದ ತಿನಿಸು, ಮೂರಕ್ಕೆ ಬರೀ ತಿನಿಸು. ಹೋಲಿಸಿ ನೋಡುವುದಕ್ಕಾಗಿ.

ಕಡಿಮೆಯಾಗುತ್ತಿದ್ದದ್ದು ಬರೀ ತಿನಿಸಿನ ಗೂಡುಗಳಲ್ಲಿ ಒಂದು. ವಿಷ ಹಾಕುವ ಕೆಲಸ ಇನ್ನೂ ಆರಂಭವೇ ಆಗಿರಲಿಲ್ಲ.

ಮೊದಲು ಬಿಸಿಲಿನ ಮೇಲೆ ಅನುಮಾನ ಬಂತು. ಗೂಡಿನ ಮೇಲೆ ಒದ್ದೆ ಗೋಣಿತಟ್ಟು ಹೊದಿಸಿದೆ. ಆಮೇಲೆ ತೇವ ಹೆಚ್ಚಾಗಿ ಬೂಷ್ಟು ಹಿಡಿದಿರಬಹುದು ಅನ್ನಿಸಿ ತಟ್ಟು ತೆಗೆದೆ. ಬೇಯಿಸಿದ ಮೊಟ್ಟೆಯ ಹಳದಿ, ಸತ್ತ ನೊಣ, ಬೆಲ್ಲದ ನೀರು ಎಲ್ಲ ಕೊಟ್ಟೆ. ಇರುವೆಗಳು ಚೆನ್ನಾಗಿ ತಿಂದವು. ದೊಡ್ಡ ತಲೆಯ ಸಿಪಾಯಿ ಇರುವೆಗಳು ಬಾಗಿಲಲ್ಲೇ ಇದ್ದವು, ರಾಣಿ ಮೊಟ್ಟೆ ಇಡುತ್ತಲೇ ಇದ್ದಳು. ಆದರೂ ಅನ್ನದ ಅಗುಳಿನಂತೆ ರಾಶಿ ಬಿದ್ದಿರುತ್ತಿದ್ದ ಮರಿಗಳು ದಿನದಿನಕ್ಕೆ ಕಡಿಮೆಯಾಗುತ್ತಿದ್ದವು. ಸತ್ತ ಮರಿಯನ್ನು ಇರುವೆಗಳು ಹೊರಗೆ ತಂದು ಹಾಕುತ್ತವೆ. ನನ್ನ ತಾಟಿನಲ್ಲಿ ಅಂಥದ್ದು ಒಂದೂ ಇರಲಿಲ್ಲ.

ಅಷ್ಟರಲ್ಲಿ ಖಾಲಾನ ಒಂದು ಕೋಳಿ ಸತ್ತಿತು.

ಮಗ ಬಾಗಿಲ ಹೊರಗೇ ನಿಂತು ಮಾತಾಡಿದ. ಕೋಣೆಯೊಳಗೆ ಅವನು ಎಂದೂ ಬರುತ್ತಿರಲಿಲ್ಲ.

"ಬಾಯಾರ, ನಿಮ್ಮ ವಿಷದ ಪುಡಿ ಎಲ್ಲೈತಿ?"

"ಟ್ರಂಕಿನ್ಯಾಗ ಐತಿ. ಕೀಲಿ ಹಾಕೇನಿ."

"ಕೀಲಿ ಹಾಕಿದ್ರ ವಾಸನಿ ನಿಲ್ತೈತೇನ್ರಿ? ಕೋಳಿ ಸತ್ತೈತಿ. ನಿಮ್ಮ ಇರಬೀನೂ ಕಡಿಮಿ ಆಗಾಕತ್ತಾವಂತ ಅವ್ವಗ ನೀವ ಹೇಳೀರಿ. ನಾಳೆ ನಮ್ಮ ಮನ್ಯಾಗ ಯಾರಿಗರ ಏನರ ಆದ್ರ?"

ನಾನೂ ಒಳಗೊಳಗೆ ಅದನ್ನೇ ಹೆದರುತ್ತಿದ್ದೆ. ಟ್ರಂಕು ಮೇಜಿಗೆ ಹತ್ತಿರದಲ್ಲೇ ಇತ್ತು. ಗೋಡೆಯ ಆಚೆಗೆ ಅವರ ಅಡುಗೆ ಮನೆ. ವಿಷದ ಡಬ್ಬಿಯ ಮುಚ್ಚಳಕ್ಕೆ ಮೇಣ ಹಾಕಿ ಮುಚ್ಚಿದ್ದೆನಾದರೂ ಸಣ್ಣ ಪುಡಿ ಎಲ್ಲಿಂದ ಹೊರಬೀಳುತ್ತದೋ ಹೇಳಲು ಬರುವುದಿಲ್ಲ. ಅಂದೇ ಟ್ರಂಕನ್ನು ಅವನ ಚಕ್ಕಡಿಯಲ್ಲಿ ಹೇರಿಸಿ, ಹೊಲದ ಕಲ್ಲಿನ ಕೊಟ್ಟಿಗೆಯಲ್ಲಿ ಬೀಗ ಹಾಕಿ ಇಡಿಸಿದೆ. ನೆಲ, ಗೋಡೆ, ಮೇಜು ಎಲ್ಲವನ್ನೂ ಸೋಡಾ ಹಾಕಿದ ನೀರಿನಿಂದ ಒರೆಸಿದೆ. ಒಬ್ಬರ ಮನೆಯಲ್ಲಿ ಉಳಿದುಕೊಂಡು, ಅವರ ರೊಟ್ಟಿ ತಿಂದು, ಅವರ ಅಡುಗೆ ಮನೆಗೆ ವಿಷ ಹರಡಿಸಿದೆನೇ ಎಂಬ ಯೋಚನೆಗೆ ಊಟ ಸೇರಲಿಲ್ಲ.

ಮುಂದಿನ ವಾರ ನೆರೆಮನೆಗಳ ಕೋಳಿಗಳೂ ಕುತ್ತಿಗೆ ತಿರುಚಿಕೊಂಡು ಸಾಯತೊಡಗಿದವು. ಕೋಳಿಗಳಿಗೆ ಬೇಸಿಗೆಯಲ್ಲಿ ಬರುವ ರೋಗ ಅದು. ಮಗ ಬಂದು, "ನಿಮ್ಮ ಪುಡೀದಲ್ಲ ಬಿಡ್ರಿ ಬಾಯಾರ," ಎಂದಷ್ಟೇ ಹೇಳಿ ಹೋದ. ನನಗೆ ಉಸಿರು ಬಂದಂತಾಯಿತು. ಆದರೆ ಟ್ರಂಕು ಹೋದ ಮೇಲೂ ಮೂರನೆಯ ಗೂಡಿನ ಮರಿಗಳು ಕಡಿಮೆಯಾಗುತ್ತಲೇ ಇದ್ದವು. ವಿಷವೂ ಅಲ್ಲದಿದ್ದರೆ ಇನ್ನೇನು?

ಕೊನೆಗೆ ಕೆಂಪು ಕಾಗದ ತೆಗೆದೇ ನೋಡೋಣ ಎಂದುಕೊಂಡೆ. ಬಿಳಿ ಬೆಳಕು ಬಿದ್ದರೆ ಇರುವೆಗಳು ದಿಕ್ಕೆಟ್ಟು ಮರಿಗಳನ್ನು ಕಚ್ಚಿಕೊಂಡು ಓಡುತ್ತವೆ, ಅದಕ್ಕೇ ಅಲ್ಲಿಯವರೆಗೆ ತೆಗೆದಿರಲಿಲ್ಲ. ಒಂದು ಮಧ್ಯಾಹ್ನ ಕಿಟಕಿಗೆ ಚಾದರ ಕಟ್ಟಿ, ಅದರ ಅಂಚಿನಿಂದ ಬರುವಷ್ಟೇ ಬೆಳಕು ಬಿಟ್ಟು, ಕಾಗದವನ್ನು ಮೆಲ್ಲಗೆ ಎತ್ತಿದೆ.

ಒಳಗಿನ ಕೋಣೆಯ ಮೂಲೆಯಲ್ಲಿ ಒಂದು ಕಂದು ಚುಕ್ಕೆ ಇತ್ತು. ಅದನ್ನು ನಾನು ದಿನವೂ ನೋಡಿದ್ದೆ. ಕೆಂಪು ಕಾಗದದ ಅಡಿಯಲ್ಲಿ ಅದು ಮಾಸಿದ ಕಲೆಯಂತೆ, ಪ್ಲಾಸ್ಟರಿಗೆ ಅಂಟಿ ಉಳಿದ ಜೇಡಿಮಣ್ಣಿನಂತೆ ಕಾಣುತ್ತಿತ್ತು. ಈಗ ಅದಕ್ಕೆ ಹುಣಸೆಬೀಜದ ಹೊಳಪಿತ್ತು. ಭೂತಗನ್ನಡಿ ಹಿಡಿದೆ. ಅದಕ್ಕೆ ಕಾಲುಗಳಿದ್ದವು.

ದುಂಬಿ. ಇರುವೆಗಳಿಗಿಂತ ಎರಡು ಪಟ್ಟು ದೊಡ್ಡದು. ತಲೆಯ ಮೇಲಿನ ಮೀಸೆಗಳು ಬೇರೆ ದುಂಬಿಗಳ ಹಾಗೆ ತೆಳ್ಳಗಿರದೆ ಸಣ್ಣ ಬುಗುಟುಗಳಂತೆ ಉಬ್ಬಿದ್ದವು. ನಾಲ್ಕಾರು ಇರುವೆಗಳು ಆ ಬುಗುಟುಗಳನ್ನು ನೆಕ್ಕುತ್ತಿದ್ದವು. ಎಮ್ಮೆ ಕರುವನ್ನು ನೆಕ್ಕುವ ಹಾಗೆ, ಅಷ್ಟು ಸಮಾಧಾನವಾಗಿ.

ನನಗೆ ಮೊದಲು ಸಂತೋಷವೇ ಆಯಿತು. ಇರುವೆ ಗೂಡುಗಳಲ್ಲಿ ಅತಿಥಿಗಳಾಗಿ ಬದುಕುವ ದುಂಬಿಗಳ ಬಗ್ಗೆ ಪಾಠದಲ್ಲಿ ಓದಿದ್ದೆ. ಮೈಯಿಂದ ಏನೋ ರುಚಿಯಾದ ರಸ ಒಸರುತ್ತದೆ, ಅದರ ಆಸೆಗೆ ಇರುವೆಗಳು ಅವನ್ನು ಇಟ್ಟುಕೊಳ್ಳುತ್ತವೆ ಎಂದಿತ್ತು. ಇಂಥದ್ದು ನನ್ನ ಮೇಜಿನ ಮೇಲೇ ಇತ್ತಲ್ಲ ಎಂದು ಬಗ್ಗಿ ನೋಡುತ್ತ ಕುಳಿತೆ.

ಆಮೇಲೆ ಅದರ ಬಾಯಿ ಕಂಡಿತು. ಮುಂಗಾಲುಗಳ ನಡುವೆ ಒಂದು ಮರಿಯನ್ನು ಒತ್ತಿ ಹಿಡಿದಿತ್ತು. ದವಡೆ ಮರಿಯ ಮೈಯಲ್ಲಿ ನೆಟ್ಟಿತ್ತು. ದುಂಬಿ ಅಲುಗಾಡುತ್ತಿರಲಿಲ್ಲ. ಮರಿ ಮಾತ್ರ ನೋಡನೋಡುತ್ತ ಕುಗ್ಗುತ್ತಿತ್ತು. ತುಂಬಿದ ಚೀಲದಿಂದ ಹಾಲು ಸೋರಿದಂತೆ ಕುಗ್ಗಿ, ಮಡಚಿಕೊಂಡು, ಕೊನೆಗೆ ಬರೀ ತೊಗಲು ಉಳಿಯಿತು. ಅಷ್ಟು ಹೊತ್ತೂ ಇರುವೆಗಳು ನೆಕ್ಕುತ್ತಲೇ ಇದ್ದವು. ಇನ್ನೊಂದು ಇರುವೆ ಓಣಿಯಿಂದ ಮರಿಯೊಂದನ್ನು ಕಚ್ಚಿಕೊಂಡು ಬಂತು. ಬೆಳಕಿನಿಂದ ದೂರ ಇಡಲು ಬಂದಿರಬೇಕು. ಮರಿಯನ್ನು ದುಂಬಿಯ ಪಕ್ಕದಲ್ಲೇ ಇಳಿಸಿ, ತಾನೂ ನೆಕ್ಕಲು ನಿಂತಿತು. ದುಂಬಿ ತೊಗಲನ್ನು ಬಿಟ್ಟು, ಆಗತಾನೆ ಇಳಿಸಿದ ಮರಿಯನ್ನು ಎಳೆದುಕೊಂಡಿತು.

ಭೂತಗನ್ನಡಿ ನನ್ನ ಕೈಯಿಂದ ಜಾರಿ ಗಾಜಿನ ಮೇಲೆ ಬಿತ್ತು. ಸದ್ದಿಗೆ ಖಾಲಾ ಒಳಗಿನಿಂದ ಬಂದರು.

"ಏನಾತು, ಮಾರಿ ಹಿಂಗ ಯಾಕ ಬಿಳಚೈತಿ?"

ಕನ್ನಡಿ ಅವರ ಕೈಗೆ ಕೊಟ್ಟು, ಎಲ್ಲಿ ನೋಡಬೇಕೆಂದು ತೋರಿಸಿದೆ. ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

"ಈ ದೊಡ್ಡದು ಇವರ ಪೈಕೀನಾ?"

"ಅಲ್ಲ ಖಾಲಾ. ಅದು ಬ್ಯಾರೆ ಜಾತಿ ಹುಳ. ಇವುಗಳ ಮರಿ ತಿನ್ನಾಕತ್ತೈತಿ."

"ಮತ್ತ ಇವು ಏನ ಮಾಡಾಕತ್ತಾವು?"

"ಅದನ್ನ ನೆಕ್ಕಾಕತ್ತಾವು."

ಖಾಲಾ ಕನ್ನಡಿ ಕೆಳಗಿಟ್ಟರು. "ಕಾಣಂಗಿಲ್ಲೇನು ಇವಕ್ಕ?" ಎಂದರು. ಗಾಜಿನ ಕಡೆ ಬೆರಳು ಮಾಡಿ, "ಮಗ್ಗಲದಾಗ ಐತಲ್ಲ ಕೂಸು," ಎಂದರು. ಅವರು ಒಳಗೆ ಹೋಗಿ ನನಗೆ ಚಹಾ ಮಾಡಿ ತಂದರು, ಆದರೆ ಆ ದಿನ ಮತ್ತೆ ಮೇಜಿನ ಹತ್ತಿರ ಬರಲಿಲ್ಲ.

ಸಿಂದಗಿಗೆ ಹೋಗಿ ನಮ್ಮ ಸರ್‌ಗೆ ಟ್ರಂಕ್ ಕಾಲ್ ಮಾಡಿದೆ. ಸಂಶೋಧನೆಯ ಮುಖ್ಯಸ್ಥರು ಅವರು, ಇಂಡಿ ಕಡೆಯವರು, ಮಾತು ಕಡಿಮೆ. ಎರಡು ದಿನ ಬಿಟ್ಟು ಜೀಪಿನಲ್ಲಿ ಬಂದರು. ನಾನು ಹೇಳಿದ್ದನ್ನು ಪೂರ್ತಿ ನಂಬಿದಂತೆ ಕಾಣಲಿಲ್ಲ. "ಸತ್ತ ಮರಿ ತಿಂತಿರಬೇಕು ನೋಡವಾ," ಎಂದು, ಗಾಜು ಸರಿಸಿ ದುಂಬಿಯನ್ನು ಬೆರಳಿನಿಂದಲೇ ಎತ್ತಿದರು. ಚಿಟ್ ಎಂದು ಸಣ್ಣ ಸದ್ದಾಯಿತು. ಅವರ ಬೆರಳ ತುದಿಯಿಂದ ಹೊಗೆಯಂಥದ್ದು ಎದ್ದಿತು. ದುಂಬಿಯನ್ನು ತಾಟಿನಲ್ಲಿ ಬಿಟ್ಟು ಕೈ ಜಾಡಿಸಿದರು. ಚರ್ಮದ ಮೇಲೆ ಕಂದು ಕಲೆ, ಕೋಣೆಯಲ್ಲೆಲ್ಲ ಟಿಂಚರ್ ಅಯೋಡಿನ್ನಿನಂಥ ವಾಸನೆ.

"ಸುಡ್ತು," ಎಂದರು, ಬೆರಳನ್ನೇ ನೋಡುತ್ತ.

ಇಂಥ ಅಸ್ತ್ರ ಇಟ್ಟುಕೊಂಡ ಹುಳಕ್ಕೆ ಇರುವೆಗಳು ಹೆದರಿ ಸುಮ್ಮನಿರಬಹುದು ಎಂದು ನನಗೆ ಆಗ ಅನ್ನಿಸಿತು. ಹಾಗಾದರೂ ಅರ್ಥವಾಗುತ್ತಿತ್ತು. ಆದರೆ ಗೂಡಿನಲ್ಲಿ ಒಮ್ಮೆಯೂ ಅದು ಆ ಹೊಗೆ ಬಿಟ್ಟದ್ದನ್ನು ನಾನು ನೋಡಿರಲಿಲ್ಲ. ಬಿಡುವ ಅಗತ್ಯವೇ ಬಂದಿರಲಿಲ್ಲ.

ದುಂಬಿಯನ್ನು ಚಿಮಟಿಗೆಯಿಂದ ಒಳಗೆ ಬಿಟ್ಟು ಸರ್ ಕನ್ನಡಿ ಹಿಡಿದು ಕುಳಿತರು. ಅದು ಜೀವಂತ ಮರಿಯನ್ನು ಹೀರುವುದನ್ನು ಕಣ್ಣಾರೆ ನೋಡಿದರು. ಎದ್ದು ನಿಂತಾಗ ಅವರ ಮುಖದ ಬಣ್ಣವೂ ಬದಲಾಗಿತ್ತು. ಆದರೂ ಕೆಲಸದ ಮಾತಿಗೇ ಬಂದರು.

"ಇದನ್ನ ಸ್ಪಿರಿಟ್ಟಿನ್ಯಾಗ ಹಾಕಿ ಇಡು. ಈ ಗೂಡು ಚೆಲ್ಲಿ ಬ್ಯಾರೆ ಒಂದು ತಾ. ಸೋಮವಾರ ತಿನಿಸು ಶುರು ಮಾಡು. ಮಳಿ ದೂರ ಇಲ್ಲ, ರೈತರು ಕಾಯಾಕತ್ತಾರು."

"ಉಳಿದ ಗೂಡಿನ್ಯಾಗೂ ಇದ್ರ, ಸರ್?"

"ಅವೆಲ್ಲ ಚೊಲೋ ಅದಾವಲ್ಲ."

"ಕಾಗದದ ಅಡಿಗೆ ಇದೂ ಚೊಲೋನ ಕಾಣ್ತಿತ್ತು ಸರ್. ಎಲ್ಲಾ ಬಿಚ್ಚಿ ನೋಡಬೇಕು."

"ಬಿಚ್ಚಿದ್ರ ಗೂಡು ಕೆಡ್ತಾವು. ತಿರಗಿ ನೆಲಿ ಆಗಾಕ ಎಷ್ಟು ದಿನಾ ಬೇಕು ಗೊತ್ತೈತಲ್ಲ. ಬಿತ್ತಿಗಿ ಹೋಗ್ತೈತಿ."

ಅವರು ಹೇಳಿದ್ದು ನಿಜ. ಕೋಣೆಯ ಆಚೆ ಖಾಲಾನ ಮಗ ಬಿತ್ತುವ ಕೂರಿಗೆಯ ತಾಳು ಸರಿಮಾಡುತ್ತಿದ್ದ. ಈ ವರ್ಷದ ಎಳ್ಳಿಗೆ ನನ್ನ ತಿನಿಸು ಸಿಗುತ್ತದೆ ಎಂದು ನಂಬಿದ್ದವನು. ಆದರೆ ಯಾವ ಗೂಡಿನ ಮರಿ ವಿಷದಿಂದ ಸತ್ತಿತು, ಯಾವುದರದ್ದು ದುಂಬಿಯ ಹೊಟ್ಟೆ ಸೇರಿತು ಎಂದು ತಿಳಿಯದ ಮೇಲೆ ಆ ಪ್ರಯೋಗಕ್ಕೆ ಏನು ಬೆಲೆ? ಅದನ್ನು ನಂಬಿ ಊರೂರಿನ ಹೊಲಗಳಿಗೆ ವಿಷ ಹಾಕಿಸುವುದು ಹೇಗೆ? ನನ್ನ ಕೆಲಸ ಹೋದರೂ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿದೆ.

"ಇದು ಗೊತ್ತಾದ ಮ್ಯಾಲೆ ಬಿಚ್ಚಿ ನೋಡದನ ನಾ ತಿನಿಸು ಹಾಕಂಗಿಲ್ರಿ ಸರ್."

ಅವರು ಸುಟ್ಟ ಬೆರಳನ್ನು ಒತ್ತಿಕೊಂಡರು. "ಬಿಚ್ಚು ಹಂಗಾರ," ಎಂದರು. ದನಿಯಲ್ಲಿ ಬೇಸರವಿತ್ತು, ಆದರೆ ಜೀಪನ್ನು ವಾಪಸು ಕಳಿಸಿ ತಾವೂ ಉಳಿದುಕೊಂಡರು.

ಒಂದೊಂದಾಗಿ ಗೂಡುಗಳ ಕಾಗದ ಎತ್ತಿದೆವು. ನಾಲ್ಕರಲ್ಲಿ ಏನೂ ಇರಲಿಲ್ಲ. ಹೂವಿನ ಹಿಪ್ಪರಗಿಯ ಹೊಲದಿಂದ ತಂದಿದ್ದ ಐದನೆಯ ಗೂಡಿನಲ್ಲಿ, ಮರಿಗಳ ರಾಶಿಯ ನಟ್ಟನಡುವೆ, ಅಂಥದ್ದೇ ಇನ್ನೊಂದು ದುಂಬಿ ಕುಳಿತಿತ್ತು. ಅದು ವಿಷದ ತಿನಿಸು ಹಾಕಲು ಇಟ್ಟಿದ್ದ ಗೂಡು. ಸರ್ ಕುರ್ಚಿಯ ಮೇಲೆ ಕುಳಿತುಬಿಟ್ಟರು.

ಮರುದಿನ ಬೆಳಿಗ್ಗೆ ಅವರೇ ಒಂದು ಮಾತು ತೆಗೆದರು. ಪ್ಲಾಸ್ಟರ್ ಗೂಡು ಇಕ್ಕಟ್ಟಿನದು, ದುಂಬಿಯನ್ನು ಹೊರಗೆ ಹಾಕಲು ಇರುವೆಗಳಿಗೆ ಜಾಗವಿಲ್ಲ, ಒಳಗಿದ್ದದ್ದನ್ನು ಸಹಿಸಿಕೊಂಡಿರಬಹುದು ಅಷ್ಟೇ. ಬಾಗಿಲಲ್ಲಿ ಇಟ್ಟು ನೋಡೋಣ. ನನಗೂ ಅದು ಸರಿ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಅವು ಅದನ್ನು ಕಚ್ಚಿ ಹರಿಯುವುದನ್ನು ನೋಡಬೇಕೆಂಬ ಆಸೆ ನನಗಿತ್ತು.

ಮೊದಲು ಹೋಲಿಕೆಗಾಗಿ ಒಂದನೆಯ ಗೂಡಿನ ಒಂದು ಇರುವೆಯನ್ನು ಮೂರನೆಯ ಗೂಡಿನ ಬಾಗಿಲೆದುರು ಬಿಟ್ಟೆವು. ಅದೇ ಜಾತಿ, ಅದೇ ರೂಪ, ಬೇರೆ ಗೂಡು ಅಷ್ಟೇ. ಸಿಪಾಯಿಗಳು ಬಂದವು. ಮೀಸೆ ತಾಗಿಸಿ ನೋಡಿದವು. ಮರುಕ್ಷಣ ಕಾಲೊಂದು ಕಡೆ, ತಲೆಯೊಂದು ಕಡೆ.

"ಸುಮ್ಮ ಕುಂತಿಲ್ಲ ಇವು," ಎಂದರು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಖಾಲಾ. ಯಾವಾಗ ಬಂದಿದ್ದರೋ.

ನಂತರ ಐದನೆಯ ಗೂಡಿನ ದುಂಬಿಯನ್ನು ಚಿಮಟಿಗೆಯಿಂದ ತಂದು ಅದೇ ಜಾಗದಲ್ಲಿ ಇಟ್ಟೆ. ಈ ಇರುವೆಗಳು ಅದನ್ನು ಎಂದೂ ನೋಡಿದ್ದಲ್ಲ. ಹೂವಿನ ಹಿಪ್ಪರಗಿಯ ಹುಳ, ಕನ್ನೊಳ್ಳಿಯ ಇರುವೆ. ಅದೇ ಸಿಪಾಯಿಗಳು ದವಡೆ ತೆರೆದು ಬಂದವು. ಮೀಸೆ ತಾಗಿಸಿದವು. ತೆರೆದ ದವಡೆ ಮುಚ್ಚಿದವು. ಒಂದು ನೆಕ್ಕತೊಡಗಿತು. ಆಮೇಲೆ ಸಣ್ಣ ಇರುವೆಗಳು ಬಂದು ಆ ಉಬ್ಬಿದ ಮೀಸೆಯನ್ನು ಕಚ್ಚಿ ಹಿಡಿದು, ಮೆಲ್ಲಗೆ, ನೋಯದ ಹಾಗೆ, ಬಾಗಿಲ ಕಡೆಗೆ ಎಳೆಯತೊಡಗಿದವು. ದುಂಬಿ ಕಾಲು ಸಡಿಲ ಬಿಟ್ಟು ಎಳೆಸಿಕೊಂಡಿತು. ಓಣಿ ದಾಟಿಸಿದವು, ಹೊರಗಿನ ಕೋಣೆ ದಾಟಿಸಿದವು, ಮರಿಗಳಿದ್ದ ಕೋಣೆಗೆ ಕರೆದೊಯ್ದು ಬಿಟ್ಟವು.

ಕೈಯಲ್ಲಿನ ಚಿಮಟಿಗೆ ಕೆಳಗಿಡುವುದೂ ನನಗೆ ಮರೆತಿತ್ತು.

ಖಾಲಾ ಮೆಲ್ಲಗೆ ಹೇಳಿದರು: "ಅದು ಹೊಕ್ಕಿದ್ದಲ್ಲ. ಇವ ಒಳಗ ಒಯ್ದಾವು."

ಆ ವರ್ಷದ ಬಿತ್ತನೆಗೆ ತಿನಿಸು ಆಗಲಿಲ್ಲ. ಮಗನಿಗೆ ನಾನೇ ಹೇಳಿದೆ. ಅವನು ಕೂರಿಗೆಯಿಂದ ತಲೆ ಎತ್ತದೆ, "ಇರಬಿ ಒಯ್ಯೋದೂ ಲೆಕ್ಕಾ ಹಿಡದು ಬಿತ್ತತೇನಿ ತಗೋರಿ," ಎಂದ. ಎರಡು ದುಂಬಿಗಳನ್ನೂ ತೆಗೆದು, ಗೂಡುಗಳು ಚೇತರಿಸಿಕೊಂಡ ಮೇಲೆ ಪ್ರಯೋಗ ಹೊಸದಾಗಿ ಮಾಡುವುದೆಂದು ಸರ್ ಒಪ್ಪಿದರು.

ತೆಗೆದದ್ದು ಸರ್ ವಾಪಸು ಹೋದ ಮೇಲೆ, ಮೋಡ ಕವಿದ ಒಂದು ಮಧ್ಯಾಹ್ನ. ಗಾಜು ಸರಿಸಿ, ಮರಿಗಳ ಕೋಣೆಯಿಂದ ಒಂದಾದ ಮೇಲೊಂದರಂತೆ ಎರಡನ್ನೂ ಚಿಮಟಿಗೆಯಲ್ಲಿ ಎತ್ತಿದೆ. ಚಿಟ್, ಚಿಟ್ ಎಂದವು. ನೆಕ್ಕುತ್ತಿದ್ದ ಇರುವೆಯೊಂದು ಮೀಸೆ ಬಿಡದೆ ಜೋತು ಬಂತು. ಕುಂಚದಿಂದ ಅದನ್ನು ಬಿಡಿಸಿ ಗೂಡಿಗೆ ಹಾಕಿದೆ. ದುಂಬಿಗಳು ಸ್ಪಿರಿಟ್ಟಿನ ಸೀಸೆಯ ತಳ ಸೇರಿದವು. ನನ್ನ ಎದೆ ಹಗುರಾಯಿತು. ಇನ್ನು ನಿಮ್ಮ ಮರಿ ಉಳಿದವು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಗಾಜು ಮುಚ್ಚಿ ನೋಡಿದಾಗ ಆ ಕೋಣೆಯಲ್ಲಿ ಗದ್ದಲವೆದ್ದಿತ್ತು. ಬೆಳಕಿಗೆ ಗಾಬರಿಯಾಗಿರಬೇಕು ಎಂದು ಕೆಂಪು ಕಾಗದ ಹೊದಿಸಿದೆ. ಉಳಿದ ಕೋಣೆಗಳ ಇರುವೆಗಳು ಸ್ವಲ್ಪದರಲ್ಲೇ ತಣ್ಣಗಾದವು. ಈ ಕೋಣೆಯವು ಆಗಲಿಲ್ಲ. ಉಳಿದಿದ್ದ ನಾಲ್ಕಾರು ಮರಿಗಳನ್ನು ಹಾದಿಯಲ್ಲೇ ಬಿಟ್ಟು, ದುಂಬಿ ಕುಳಿತಿದ್ದ ಮೂಲೆಗೆ ಬರುತ್ತಿದ್ದವು, ಮೀಸೆಯಿಂದ ನೆಲ ಮುಟ್ಟುತ್ತಿದ್ದವು, ಗೋಡೆ ಮುಟ್ಟುತ್ತಿದ್ದವು, ಹೊರಟು ಹೋಗಿ ಮತ್ತೆ ಬರುತ್ತಿದ್ದವು. ಒಂದು ಇರುವೆ ಖಾಲಿ ಪ್ಲಾಸ್ಟರನ್ನೇ ನೆಕ್ಕುತ್ತಿತ್ತು. ಅದರ ಕಾಲ ಬುಡದಲ್ಲೇ ಒಂದು ಮರಿ ಅಂಗಾತ ಬಿದ್ದಿತ್ತು, ಅದನ್ನು ಯಾರೂ ಎತ್ತಲಿಲ್ಲ.

ಖಾಲಾ ಕನ್ನಡಿ ಇಸಿದುಕೊಂಡು ನೋಡಿದರು. ನಾನು ಏನೂ ಹೇಳಿರಲಿಲ್ಲ.

"ಹುಡುಕಾಕತ್ತಾವು," ಎಂದರು.

ಹೊರಗೆ ಮೊದಲ ಹನಿಗಳು ಬೀಳತೊಡಗಿದಾಗಲೂ ಅವು ನಿಂತಿರಲಿಲ್ಲ. ಮರುದಿನ ನೋಡಿದಾಗ ಬಿದ್ದಿದ್ದ ಮರಿಗಳನ್ನು ಎತ್ತಿ ರಾಣಿಯ ಬಳಿ ಇಟ್ಟುಕೊಂಡಿದ್ದವು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಗೂಡು ಮರಿಗಳಿಂದ ತುಂಬಿ ಹೋಯಿತು. ತಿನಿಸಿನ ಪ್ರಯೋಗ ಹಿಂಗಾರಿಯಲ್ಲಿ ನಡೆಯಿತು, ಫಲಿತಾಂಶ ಸ್ಪಷ್ಟವಾಗಿ ಬಂತು.

ದುಂಬಿಗಳ ಬಗ್ಗೆ ನಾನು ಬೇರೆಯಾಗಿ ಒಂದು ವರದಿ ಬರೆದೆ. ಸರ್ ಅದನ್ನು ಎರಡು ಸಲ ಓದಿ ಒಂದೇ ಒಂದು ತಿದ್ದುಪಡಿ ಮಾಡಿದರು. ದುಂಬಿಯನ್ನು ತೆಗೆದ ಮೇಲೆ ಇರುವೆಗಳು ಅದನ್ನು ಹುಡುಕಿದವು ಎಂದು ನಾನು ಬರೆದಿದ್ದೆ. ಅವರು 'ಹುಡುಕಿದವು' ಎಂಬುದನ್ನು ಹೊಡೆದು 'ಆ ಸ್ಥಳದಲ್ಲಿ ಓಡಾಡಿದವು' ಎಂದು ಮಾಡಿದರು.

"ಇರಬಿ ಮನಸಿನ್ಯಾಗ ಏನಿತ್ತಂತ ನಮಗ ಗೊತ್ತಿಲ್ಲ ನೋಡವಾ," ಎಂದರು.

"ನೀವೂ ಕಣ್ಣಾರೆ ನೋಡಿದ್ರ 'ಓಡಾಡಿದವು' ಅಂತನ ಬರೀತಿದ್ರೇನ್ರಿ ಸರ್?"

ಅವರು ಪೆನ್ನಿನ ಟೋಪಿ ಹಾಕಿದರು. "ಅವತ್ತು ನಾ ಇರಲಿಲ್ಲ, ಅದ ಚೊಲೋ ಆತು," ಎಂದು ಕಾಗದಗಳನ್ನು ನನ್ನ ಕಡೆ ಸರಿಸಿದರು.